ಬಾಡಿಗೆಯ ವೇಷ, ಉರು ಹೊಡೆದ ಭಾಷಣ

ಗ್ಯಾದರಿಂಗಿನ ಕಾಲ ಬಂದಿತು. ಡಿಸೆಂಬರ್ ಕಾಲಿಡುತ್ತಲೇ ನಮ್ಮ ಪೇಟೆಯ ಕಿರಾಣಿ ಅಂಗಡಿಗಳ ಗಲ್ಲಾದ ಮುಂದೆ ರಸೀದಿ ಪುಸ್ತಕಗಳು ಕಾಣಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಷ್ಟು ಕೊಟ್ಟಿದ್ದಿರಿ, ಈ ವರ್ಷ ನೂರು ಹೆಚ್ಚು ಮಾಡಿ ಎಂಬ ಮಾತು ಬರುತ್ತದೆ. ಅಂಗಡಿಕಾರನು ಕೊಡುತ್ತಾನೆ. ಆತನ ಮಗನೋ ತಮ್ಮನ ಮಗಳೋ ಅದೇ ಹೈಸ್ಕೂಲಿನಲ್ಲಿ ಓದುತ್ತಿರುವಾಗ ಕೊಡದೆ ಏನು ಮಾಡಿಯಾನು? ಅತ್ತ ಗಿರಣಿ ಚಾಳಿನಲ್ಲಿ ಎರಡನೆಯ ಪಾಳಿ ಮುಗಿಸಿ ಬಂದ ಕಾರ್ಮಿಕನಿಗೆ ಮಗಳು ನಿದ್ದೆಗಣ್ಣಿನಲ್ಲಿ ಕಾದು ಕುಳಿತು ಹೇಳುತ್ತಾಳೆ: "ಅಪ್ಪಾ, ಡ್ಯಾನ್ಸಿಗೆ ಡ್ರೆಸ್ಸಿನ ದುಡ್ಡ ನಾಳೇನೇ ತರಬೇಕಂತ. ಇಲ್ಲಾಂದ್ರ ಹೆಸರು ತಗೀತಾರಂತ." ವೇಷದ ಬಾಡಿಗೆ, ಮುಖಕ್ಕೆ ಬಣ್ಣ ಬಳಿಯುವವನ ಕೂಲಿ, ಕಾಲ್ಗೆಜ್ಜೆ ಇವೆಲ್ಲ ಸೇರಿದರೆ ಆತನ ಒಂದು ದಿನದ ಪಗಾರ ಸಾಲದು. ಹುಡುಗಿಯು ವೇದಿಕೆಯ ಮೇಲೆ ನಿಲ್ಲುವುದು ಮಾತ್ರ ನಾಲ್ಕು ನಿಮಿಷ.

ಈ ನಾಲ್ಕು ನಿಮಿಷದ ವಿಷಯವಾಗಿಯೇ ನಾವು ಈ ವಾರ ಬರೆಯುತ್ತಿದ್ದೇವೆ. ಪಕ್ಷದ ಪತ್ರಿಕೆಗೆ ಮಕ್ಕಳ ಕುಣಿತ, ಹಾಡು, ಭಾಷಣಗಳ ಗೊಡವೆ ಏಕೆ, ಬೋನಸ್ಸಿನ ವಿಷಯ ಬರೆಯಬಾರದೇ ಎಂದು ಕೆಲವು ಗೆಳೆಯರು ಹುಬ್ಬು ಹಾರಿಸಬಹುದು. ಬೋನಸ್ಸಿನ ವಿಷಯವನ್ನೂ ಬರೆಯೋಣ. ಆದರೆ ಅವರಿಗೆ ನಮ್ಮದೊಂದು ಪ್ರಶ್ನೆ. ಗಿರಣಿಯಲ್ಲಿ ಕಾರ್ಮಿಕನ ಮೇಲೆ ಚಾರ್ಜ್‌ಶೀಟು ಬಂದು, ಮೇಜಿನ ಆಚೆ ಮ್ಯಾನೇಜರರೂ ವಕೀಲರೂ ಕುಳಿತು, ಈಚೆ ಆತನೊಬ್ಬನೇ ನಿಂತಾಗ, ತನ್ನ ತಪ್ಪಿಲ್ಲವೆಂದು ಗೊತ್ತಿದ್ದೂ ಆತನ ನಾಲಗೆ ಏಕೆ ಕಟ್ಟಿಕೊಳ್ಳುತ್ತದೆ? ಜಿ.ಎಸ್.ಟಿ. ನೋಟೀಸು ಹಿಡಿದು ಕಚೇರಿಗೆ ಹೋದ ಚಿಕ್ಕ ವ್ಯಾಪಾರಿಯು, ತನ್ನ ಲೆಕ್ಕ ಸರಿಯಾಗಿದ್ದೂ, "ಸಾಹೇಬರ, ನೀವು ಹೇಳಿದಂಗ" ಎಂದು ಏಕೆ ತಲೆ ತಗ್ಗಿಸಿ ಬರುತ್ತಾನೆ? ವಾರ್ಡ್ ಸಭೆಯಲ್ಲಿ ನೂರು ಜನ ಕುಳಿತಿದ್ದರೂ ಮಾತನಾಡುವವರು ಅದೇ ನಾಲ್ವರು ಏಕೆ? ಹತ್ತು ವರ್ಷ ಶಾಲೆಯ ಬೆಂಚಿನ ಮೇಲೆ ಕುಳಿತವನಿಗೆ ಅಲ್ಲಿ ಒಂದೇ ಒಂದು ದಿನವೂ ತನ್ನ ಮಾತನ್ನು ತಾನೇ ಆಡಲು ಯಾರೂ ಹೇಳಿಕೊಟ್ಟಿಲ್ಲ. ಬಾಯಿ ಮುಚ್ಚಿಕೊಂಡು ಕೂಡ್ರುವುದನ್ನು ಮಾತ್ರ ಚೆನ್ನಾಗಿ ಹೇಳಿಕೊಟ್ಟಿದ್ದಾರೆ. ಭಾಷಣ ಕಲಿಯುವುದು ಉಳ್ಳವರ ಮಕ್ಕಳ ಶೋಕಿಯೆಂದು ನಾವು ಸುಮ್ಮನಿದ್ದರೆ ಗಿರಣಿಯ ಗೇಟಿನಲ್ಲೂ ಅವರ ಮಾತೇ ನಡೆಯುತ್ತದೆ.

ನಾವು ಕೆಲವು ವರ್ಷ ಮಾಸ್ತರಿಕೆ ಮಾಡಿದವರು. ಭಾಷಣ ಸ್ಪರ್ಧೆಯ ಒಳಮನೆಯನ್ನು ಬಲ್ಲೆವು. ಅದು ಹೇಗೆ ನಡೆಯುತ್ತದೆಂಬುದನ್ನು ಓದುಗರಿಗೆ ಬಿಚ್ಚಿ ಹೇಳುವುದು ಅಗತ್ಯ.

ಮೇಲಿನಿಂದ ವಿಷಯ ಬರುತ್ತದೆ. ಪರಿಸರ ಸಂರಕ್ಷಣೆ, ರಾಷ್ಟ್ರೀಯ ಭಾವೈಕ್ಯ, ಸ್ವಚ್ಛತೆಯ ಮಹತ್ವ, ಮೊಬೈಲಿನ ದುಷ್ಪರಿಣಾಮ, ಸ್ವಾತಂತ್ರ್ಯ ಹೋರಾಟಗಾರರ ತ್ಯಾಗ. ಯಾರೂ ಎದುರು ಮಾತನಾಡಲಾಗದಂಥ ವಿಷಯಗಳನ್ನೇ ಹುಡುಕಿ ಇಟ್ಟಿರುತ್ತಾರೆ. ಪರಿಸರ ಹಾಳಾಗಲಿ ಎಂದು ವಾದಿಸುವವನು ಯಾರು? ವಿಷಯ ಬಂದೊಡನೆ ಕನ್ನಡ ಮಾಸ್ತರರು ಎರಡು ಹಾಳೆ ಭಾಷಣ ಬರೆದುಕೊಡುತ್ತಾರೆ. ಈಗೀಗ ಅದೂ ಇಲ್ಲ, ಮೊಬೈಲಿನಿಂದಲೇ ಇಳಿಸಿಕೊಡುತ್ತಾರೆ. ಹುಡುಗನು ಎಂಟು ದಿನ ಉರು ಹೊಡೆಯುತ್ತಾನೆ. ಎಲ್ಲಿ ಕೈ ಎತ್ತಬೇಕು, ಎಲ್ಲಿ ದನಿ ನಡುಗಿಸಬೇಕು, ಎಲ್ಲಿ ಬೆರಳು ತೋರಿಸಬೇಕು ಎಂಬುದೂ ಹಾಳೆಯ ಅಂಚಿನಲ್ಲಿ ಗುರುತಾಗಿರುತ್ತದೆ. ವೇದಿಕೆಗೆ ಬಂದು, ವೇದಿಕೆಯ ಮೇಲೆ ಆಸೀನರಾದ ಎಲ್ಲ ಗಣ್ಯರನ್ನೂ ಹೆಸರು ಹಿಡಿದು ವಂದಿಸಿ, ಗಾಡಿ ಹೊರಟಂತೆ ಹೊರಡುತ್ತಾನೆ. ನಡುವೆ ಒಂದು ಶಬ್ದ ಮರೆತರೆ ಮುಗಿಯಿತು. ಮುಂದಿನದು ತೋಚದೆ ಮತ್ತೆ ಮೊದಲಿನ ಸಾಲಿಗೇ ಬರುತ್ತಾನೆ, ಅಥವಾ ಅಳುತ್ತಾನೆ. ಮಾತು ಅವನದಾಗಿದ್ದರೆ ಮರೆಯುತ್ತಿದ್ದನೇ? ಹಸಿವಾಗಿದೆ ಎಂದು ತಾಯಿಗೆ ಹೇಳಲು ಯಾವ ಮಗುವಾದರೂ ಉರು ಹೊಡೆಯುತ್ತದೆಯೇ?

ಒಂದು ಸಂಗತಿಯನ್ನು ಹೇಳುತ್ತೇವೆ. ಶಾಲೆಯ ಹೆಸರನ್ನಾಗಲಿ ಯಾರ ಹೆಸರನ್ನಾಗಲಿ ಹೇಳುವುದಿಲ್ಲ. ಅದರಿಂದ ಯಾರಿಗೂ ಲಾಭವಿಲ್ಲ. ನಾವು ಕಲಿಸುತ್ತಿದ್ದ ಹೈಸ್ಕೂಲಿನಲ್ಲಿ ಸ್ವಚ್ಛತೆಯ ಮಹತ್ವವೆಂಬ ವಿಷಯಕ್ಕೆ ಹುಡುಗರನ್ನು ಆರಿಸಬೇಕಾಗಿತ್ತು. ಅಕ್ಕಿ ಗಿರಣಿಯ ಹಮಾಲನೊಬ್ಬನ ಮಗಳು, ಒಂಬತ್ತನೆಯ ತರಗತಿಯವಳು, ಎದ್ದು ನಿಂತು ಕಾಗದವಿಲ್ಲದೆ ಮಾತನಾಡಿದಳು. "ನಮ್ಮ ಸಾಲಿಯೊಳಗ ನೀರಿನ ಟಾಕಿ ಐತಿ, ನೀರಿಲ್ಲ. ಪಾಯಖಾನಿ ಐತಿ, ಕೀಲಿ ಹಾಕ್ಯಾರ. ಹುಡುಗ್ಯಾರು ಮಧ್ಯಾಹ್ನ ಮನಿಗೆ ಓಡಿ ಹೋಗತೇವಿ. ದೂರದವರು ಹೋದ್ರ ತಿರುಗಿ ಬರೂದಿಲ್ಲ. ಹಾಜರಿ ಯಾಕ ಕಡಿಮಿ ಅಂತ ಸರ್ ನಮ್ಮನ್ನೇ ಬೈತಾರ." ಎರಡು ನಿಮಿಷವೂ ಆಗಲಿಲ್ಲ. ಇಡೀ ತರಗತಿ ಸದ್ದಿಲ್ಲದೆ ಕೇಳಿತು. ನಾವು ಇಷ್ಟು ವರ್ಷಗಳಲ್ಲಿ ಕೇಳಿದ ಸಾವಿರ ಭಾಷಣಗಳಲ್ಲಿ, ನಮ್ಮ ಪಕ್ಷದ ನಾಯಕರ ಭಾಷಣಗಳನ್ನೂ ಸೇರಿಸಿಯೇ ಹೇಳುತ್ತೇವೆ, ಅಂಥದು ನಾಲ್ಕೋ ಐದೋ ಇದ್ದಾವು. ಮುಖ್ಯೋಪಾಧ್ಯಾಯರಿಗೆ ಸುದ್ದಿ ಮುಟ್ಟಿತು. "ಇದೇನು ಭಾಷಣವೋ ದೂರಿನ ಅರ್ಜಿಯೋ? ತಾಲೂಕಿನಲ್ಲಿ ಶಾಲೆಯ ಮಾನ ಹರಾಜು ಹಾಕಬೇಕೆಂದಿದ್ದೀರಾ?" ಎಂದರು. ಹುಡುಗಿಗೆ ಎರಡು ಹಾಳೆ ಬರೆದು ಕೊಡಲಾಯಿತು. ಪುರಾತನ ಕಾಲದಿಂದಲೂ ನಮ್ಮ ದೇಶವು ಶುಚಿತ್ವಕ್ಕೆ ಹೆಸರಾದುದು ಎಂದು ಮೊದಲಾಗುವ ಹಾಳೆ. ಅವಳು ಉರು ಹೊಡೆದಳು, ಎರಡನೆಯ ಬಹುಮಾನವೂ ಬಂದಿತು. ಸ್ಟೀಲಿನ ತಾಟು ಹಿಡಿದು ಫೋಟೋ ತೆಗೆಸಿಕೊಂಡಳು. ಪಾಯಖಾನೆಯ ಕೀಲಿ ಆ ವರ್ಷ ತೆರೆಯಲಿಲ್ಲ. ಅವಳಾದರೂ ಆಮೇಲೆ ನಮ್ಮ ತರಗತಿಯಲ್ಲಿ ಯಾವ ವಿಷಯಕ್ಕೂ ಎದ್ದು ನಿಲ್ಲಲಿಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯಗಳು ಲೋಕದಲ್ಲಿ ಇಲ್ಲವೇ ಎಂದು ಕೇಳಬಹುದು. ಇವೆ. ಆದರೆ ದೊಡ್ಡ ಅನ್ಯಾಯಗಳನ್ನು ಸಹಿಸುವ ಅಭ್ಯಾಸವು ಇಲ್ಲಿಂದಲೇ ಆರಂಭವಾಗುತ್ತದೆಂಬುದು ನಮ್ಮ ವಾದ. ಕಂಡದ್ದನ್ನು ಹೇಳಿದರೆ ಶಿಕ್ಷೆ, ಕಾಣದ್ದನ್ನು ಅಂದವಾಗಿ ಹೇಳಿದರೆ ತಾಟು: ಈ ಪಾಠವನ್ನು ಹದಿನಾಲ್ಕನೆಯ ವಯಸ್ಸಿಗೆ ಕಲಿತವರೇ ಮುಂದೆ ಕಚೇರಿಗಳಲ್ಲಿ ಕುಳಿತು ನಮ್ಮ ಅರ್ಜಿಗಳಿಗೆ ಉತ್ತರ ಬರೆಯುತ್ತಾರೆ.

ಪ್ರತಿ ಆಗಸ್ಟ್ 15ಕ್ಕೆ ನಮ್ಮ ಹೈಸ್ಕೂಲುಗಳಲ್ಲಿ ಸ್ವಾತಂತ್ರ್ಯದ ಭಾಷಣಗಳು ಮೊಳಗುತ್ತವೆ. 1942ರ ಆಗಸ್ಟಿನಲ್ಲಿ ಹುಬ್ಬಳ್ಳಿಯಲ್ಲಿ ಪೋಲೀಸರ ಗುಂಡಿಗೆ ಎದೆಯೊಡ್ಡಿದ ನಾರಾಯಣ ಡೋಣಿಯ ಹೆಸರನ್ನು ಉತ್ತರ ಕರ್ನಾಟಕದ ಹುಡುಗರು ಹೇಳುತ್ತಾರೆ. 1947ರ ಸೆಪ್ಟೆಂಬರಿನಲ್ಲಿ, ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೂ ಜವಾಬ್ದಾರಿ ಸರಕಾರ ಕೊಡಲೊಪ್ಪದ ಮೈಸೂರು ಸಂಸ್ಥಾನದ ವಿರುದ್ಧ ನಡೆದ ಚಳವಳಿಯಲ್ಲಿ ಮಡಿದ ರಾಮಸ್ವಾಮಿಯ ಹೆಸರನ್ನು ಮೈಸೂರಿನ ಹುಡುಗರು ಹೇಳುತ್ತಾರೆ. ಅವನ ಹೆಸರಿನ ವೃತ್ತವೇ ಆ ಊರಿನಲ್ಲಿದೆ. ಇಬ್ಬರೂ ಹೈಸ್ಕೂಲಿನ ಹುಡುಗರೇ ಅಲ್ಲವೇ? ಅವರಿಗೆ ಯಾವ ಮಾಸ್ತರರು ಎರಡು ಹಾಳೆ ಬರೆದುಕೊಟ್ಟಿದ್ದರು? ಯಾವ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಅವರು ಬೀದಿಗೆ ಬಂದರು? ಬಾಯಿ ಮುಚ್ಚಿಕೊಂಡಿರಲು ಒಲ್ಲೆನೆಂದ ಹುಡುಗರ ಕಥೆಯನ್ನು, ಬಾಯಿ ಮುಚ್ಚಿಸಿದ ಹುಡುಗರ ಬಾಯಿಂದಲೇ ಹೇಳಿಸುವ ಈ ಚಮತ್ಕಾರವನ್ನು ನೋಡಿ ನಮಗೆ ನಗುವೂ ಬರುತ್ತದೆ, ಸಿಟ್ಟೂ ಬರುತ್ತದೆ.

ಇನ್ನು ಕಲೆಯ ಮಾತು.

ಸರಕಾರದ ಪ್ರತಿಭಾ ಕಾರಂಜಿಯನ್ನು ಬಲ್ಲಿರಷ್ಟೆ. ಶಾಲೆಯಲ್ಲಿ ಆರಿಸಿದವರು ಕ್ಲಸ್ಟರಿಗೆ, ಅಲ್ಲಿಂದ ತಾಲೂಕಿಗೆ, ಜಿಲ್ಲೆಗೆ, ಕೊನೆಗೆ ರಾಜ್ಯಕ್ಕೆ. ಕಂಠಪಾಠ, ಭಾವಗೀತೆ, ಜನಪದ ಗೀತೆ, ಚರ್ಚಾಸ್ಪರ್ಧೆ, ಆಶುಭಾಷಣ, ಚಿತ್ರಕಲೆ, ಛದ್ಮವೇಷ, ಮಿಮಿಕ್ರಿ, ಕವ್ವಾಲಿ, ಗಝಲು, ಭರತನಾಟ್ಯ, ಜನಪದ ನೃತ್ಯ, ಪಟ್ಟಿ ಉದ್ದವಾಗಿದೆ. ಯೋಜನೆಯ ಉದ್ದೇಶವನ್ನು ನಾವು ಹಳಿಯುವುದಿಲ್ಲ. ಪರೀಕ್ಷೆಯ ಅಂಕಗಳಾಚೆಗೂ ಮಗುವಿಗೆ ಒಂದು ಬಾಳಿದೆಯೆಂದು ಸರಕಾರವು ಒಪ್ಪಿದ್ದೇ ದೊಡ್ಡದು. ಕವ್ವಾಲಿಯನ್ನೂ ಗಝಲನ್ನೂ ಆ ಪಟ್ಟಿಯಲ್ಲಿ ಇಟ್ಟವರು ಯಾರೋ, ಅವರಿಗೆ ನಮ್ಮ ನಮಸ್ಕಾರ. ಆದರೆ ಓಟದ ಪಂದ್ಯದಲ್ಲಿ ಒಬ್ಬನನ್ನು ಕುದುರೆಯ ಮೇಲೆ ಕೂಡ್ರಿಸಿ ಇನ್ನೊಬ್ಬನ ಕಾಲಿಗೆ ಕಲ್ಲು ಕಟ್ಟಿ, ಸೀಟಿ ಊದಿ, ಇದು ಸಮಾನ ಅವಕಾಶವೆಂದರೆ ನಾವು ಒಪ್ಪಲಾರೆವು.

ಭರತನಾಟ್ಯಕ್ಕೆ ಐದಾರು ವರ್ಷ ಗುರುಗಳಿಗೆ ಫೀಜು ಕಟ್ಟಬೇಕು. ಯಾರ ಮಗಳು ಕಟ್ಟಿಯಾಳು? ಸಂಗೀತಕ್ಕೂ ಅದೇ ಮಾತು. ಫೀಜು ವಸೂಲು ಮಾಡುವ ಖಾಸಗಿ ಶಾಲೆಗೆ ಸಂಗೀತದ ಮೇಷ್ಟರು ಬೇರೆ, ನೃತ್ಯದ ಮೇಡಂ ಬೇರೆ. ಗಿರಣಿ ಕಾರ್ಮಿಕರ ಮಕ್ಕಳು ಓದುವ ಸರಕಾರಿ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರರು ನಿವೃತ್ತರಾದರೆ ಆ ಕುರ್ಚಿ ವರ್ಷಗಟ್ಟಲೆ ಖಾಲಿ ಉಳಿಯುವುದನ್ನು ನಾವೇ ಕಂಡಿದ್ದೇವೆ. ರಂಗಶಿಕ್ಷಣ ಪಡೆದ ನಾಟಕ ಶಿಕ್ಷಕರನ್ನು ಕೆಲವು ಸರಕಾರಿ ಹೈಸ್ಕೂಲುಗಳಿಗೆ ನೇಮಿಸಿದ್ದೂ ಉಂಟು. ಅವರಿದ್ದ ಶಾಲೆಗಳಲ್ಲಿ ಕೆಲಸ ನಡೆದದ್ದೂ ಉಂಟು. ಆದರೆ ಸಾವಿರಾರು ಶಾಲೆಗಳಿರುವ ರಾಜ್ಯದಲ್ಲಿ ಆ ಸಂಖ್ಯೆಯು ಹೊಲಕ್ಕೆಲ್ಲ ಒಂದು ಕೊಡ ನೀರು ಹೊಯ್ದಂತೆ. ಗಣಿತದ ಮಾಸ್ತರರೇ ಹಾರ್ಮೋನಿಯಂ ಇಲ್ಲದೆ ಹಾಡು ಕಲಿಸಿ, ತಮ್ಮ ಕೈಯಿಂದ ಬಸ್ಸಿನ ಖರ್ಚು ಹಾಕಿ, ಆರು ಮಕ್ಕಳನ್ನು ತಾಲೂಕಿಗೆ ಕರೆದೊಯ್ದು, ಸಂಜೆ ಬರಿಗೈಯಲ್ಲಿ ಮರಳುತ್ತಾರೆ. ಮಾರನೆಯ ದಿನ ಪತ್ರಿಕೆಯಲ್ಲಿ ಯಾವ ಶಾಲೆಯು ಸಮಗ್ರ ಪ್ರಶಸ್ತಿ ಗಳಿಸಿತೆಂಬುದನ್ನು ಓದುಗರು ಊಹಿಸಬಲ್ಲರು.

ಜನಪದ ನೃತ್ಯದ ಕಥೆಯಂತೂ ಕೇಳುವುದೇ ಬೇಡ. ಹೆಸರು ಜನಪದದ್ದು, ನಡೆಯುವುದು ಮೊಬೈಲಿನ ವಿಡಿಯೋ ನೋಡಿ ಕಲಿಸುವ ಬಾಡಿಗೆಯ ಡ್ಯಾನ್ಸ್ ಮಾಸ್ತರನ ದರಬಾರು. ಜರಿಯ ರುಮಾಲು, ಬಣ್ಣದ ಕಚ್ಚೆ, ಪ್ಲಾಸ್ಟಿಕ್ಕಿನ ಡೊಳ್ಳು. ಅದೇ ಶಾಲೆಯ ಹಿಂದಿನ ಓಣಿಯಲ್ಲಿ ಬೀರಪ್ಪನ ಗುಡಿಯ ಮುಂದೆ ನಲವತ್ತು ವರ್ಷ ಡೊಳ್ಳು ಬಾರಿಸಿದ ಮುದುಕ ಕಟ್ಟೆಯ ಮೇಲೆ ಬೀಡಿ ಸೇದುತ್ತ ಕುಳಿತಿರುತ್ತಾನೆ. ಅವನ ಮೊಮ್ಮಗನು ಅದೇ ಶಾಲೆಯಲ್ಲಿದ್ದಾನೆ. ಡೊಳ್ಳಿನ ಪೆಟ್ಟು ಅವನಿಗೆ ತೊಟ್ಟಿಲಿನಿಂದಲೇ ಗೊತ್ತು. ಆದರೆ ವೇಷಕ್ಕೆ ದುಡ್ಡು ತರಲಿಲ್ಲವೆಂದು ಅವನು ಕುಣಿತದಲ್ಲಿಲ್ಲ, ಕುರ್ಚಿ ಹೊರುವ ಹುಡುಗರಲ್ಲಿ ಇದ್ದಾನೆ. ಆ ಅಜ್ಜನನ್ನು ವಾರಕ್ಕೊಂದು ತಾಸು ಶಾಲೆಗೆ ಕರೆದು, ಮರ್ಯಾದೆಯಿಂದ ಕುರ್ಚಿ ಕೊಟ್ಟು, ಚಹಾ ಕೊಟ್ಟು, "ಹುಡುಗರಿಗೆ ಒಂದಿಷ್ಟು ಹೇಳಿಕೊಡ್ರಿ ಅಜ್ಜಾರ" ಎಂದರೆ ಬಾಡಿಗೆಯ ಮಾಸ್ತರನಿಗೆ ಕೊಡುವುದರ ಕಾಲು ಭಾಗವೂ ಖರ್ಚಾಗದು. ಏಕೆ ಕರೆಯುವುದಿಲ್ಲ? ಆತನು ಅಂಗಿ ಹರಿದವನು, ಸಹಿ ಬಾರದವನು. ಅವನು ಶಾಲೆಗೆ ಕಲಿಸಲು ಬಂದನೆಂದರೆ ಶಾಲೆಯ ಘನತೆ ಕುಂದೀತೆಂಬ ಭಯ.

ನೆರೆಯ ಕೇರಳವನ್ನು ನೋಡಿರಿ ಎಂದು ಹೇಳುವವರಿದ್ದಾರೆ. ನೋಡೋಣ. ಅಲ್ಲಿ 1957ರಿಂದ ಶಾಲಾ ಕಲೋತ್ಸವ ನಡೆಯುತ್ತ ಬಂದಿದೆ. ಸಾವಿರಗಟ್ಟಲೆ ಮಕ್ಕಳು ಸೇರುವ ದೊಡ್ಡ ಜಾತ್ರೆ ಅದು. ಊರಿಗೆ ಊರೇ ಕಲೆಯನ್ನು ನೋಡಲು ಬೀದಿಗೆ ಬರುವುದನ್ನು ನಾವು ಮೆಚ್ಚುತ್ತೇವೆ. ಆದರೆ ಅಲ್ಲಿಯೂ ಬಹುಮಾನದ ಜೊತೆಗೆ ಪರೀಕ್ಷೆಯಲ್ಲಿ ಹೆಚ್ಚಿನ ಅಂಕ ಸಿಗುವುದೆಂದಾದ ಮೇಲೆ ತೀರ್ಪಿನ ಮೇಲೆ ಮೇಲ್ಮನವಿ, ತಂದೆತಾಯಿಗಳ ಪೈಪೋಟಿ, ವೇಷಭೂಷಣಕ್ಕೆ ಸುರಿಯುವ ಹಣ ಇವೆಲ್ಲ ಬೆಳೆದವು. 1986ರಲ್ಲಿ ಆರಂಭಿಸಿದ ಕಲಾಪ್ರತಿಭಾ, ಕಲಾತಿಲಕ ಎಂಬ ಬಿರುದುಗಳನ್ನು ಆ ಪೈಪೋಟಿಯ ಕಾಟಕ್ಕೇ ಕೈಬಿಡಬೇಕಾಯಿತು. ಕಲೆಗೆ ತಕ್ಕಡಿ ಹಿಡಿದರೆ ತಕ್ಕಡಿಯ ಹಿಂದೆ ದುಡ್ಡು ಬಂದು ನಿಲ್ಲುತ್ತದೆ. ಇದು ಮಲೆಯಾಳಿಗಳ ತಪ್ಪಲ್ಲ, ತಕ್ಕಡಿಯ ಗುಣ. ತೂಕದ ವಿಷಯವನ್ನು ನಮ್ಮ ಅಂಗಡಿಕಾರ ಓದುಗರಿಗೆ ನಾವು ಹೆಚ್ಚು ಹೇಳಬೇಕಾಗಿಲ್ಲ.

ಗ್ಯಾದರಿಂಗಿನ ದಿನವನ್ನು ಒಂದಿಷ್ಟು ನೋಡೋಣ. ನಾಲ್ಕು ಗಂಟೆಗೆಂದು ಅಚ್ಚಾದ ಸಮಾರಂಭ ಆರೂವರೆಗೆ ಮೊದಲಾಗುತ್ತದೆ, ಏಕೆಂದರೆ ಶಾಸಕರು ಬಂದಿಲ್ಲ. ಬಂದ ಮೇಲೆ ಸ್ವಾಗತ, ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ. ಕುರ್ಚಿಗಳಲ್ಲಿ ಕುಳಿತ ಹದಿನಾಲ್ಕು ಜನರಿಗೂ ಇದೇ ಪೂಜೆ. ವಂತಿಗೆ ಕೊಟ್ಟ ಅಂಗಡಿಕಾರನು ಹಿಂದೆ ಬೇಲಿಗೆ ಒರಗಿ ನಿಂತಿರುತ್ತಾನೆ. ಅವನ ದುಡ್ಡಿನ ಶಾಲು ಸಿಮೆಂಟು ಡೀಲರರ ಹೆಗಲ ಮೇಲೆ ಬೀಳುವುದನ್ನು ನೋಡುತ್ತಾನೆ. ಆಮೇಲೆ ಭಾಷಣಗಳು. ಮಕ್ಕಳು ಕನಸು ಕಾಣಬೇಕು ಎಂದು ಒಬ್ಬರು ನಲವತ್ತು ನಿಮಿಷ. ಇಂದಿನ ಮಕ್ಕಳೇ ಮುಂದಿನ ಪ್ರಜೆಗಳು ಎಂದು ಇನ್ನೊಬ್ಬರು ಮೂವತ್ತು ನಿಮಿಷ. ಪರದೆಯ ಹಿಂದೆ ಐದು ಗಂಟೆಯಿಂದ ಮುಖಕ್ಕೆ ಬಣ್ಣ ಬಳಿದುಕೊಂಡು, ಬಣ್ಣ ಕೆಡುವುದೆಂದು ನೀರನ್ನೂ ಕುಡಿಯದೆ, ಮಕ್ಕಳು ನೆಲದ ಮೇಲೆ ತೂಕಡಿಸುತ್ತಿರುತ್ತಾರೆ. ಕೊನೆಗೆ ಒಂಬತ್ತೂವರೆಗೆ, ಗಣ್ಯರೆಲ್ಲ ಎದ್ದುಹೋದ ಮೇಲೆ, ಖಾಲಿ ಕುರ್ಚಿಗಳ ಮುಂದೆ ಮಕ್ಕಳ ಕಾರ್ಯಕ್ರಮ! ಅದೂ ಪೋಲೀಸರು ಹತ್ತಕ್ಕೆ ಮೈಕು ಬಂದು ಮಾಡಿಸುವ ಮೊದಲು ಮುಗಿಯಬೇಕು. ಹಾಡುಗಳನ್ನು ಅರ್ಧಕ್ಕೆ ಕತ್ತರಿಸುತ್ತಾರೆ.

ಸಿನಿಮಾ ಹಾಡಿಗೆ ಮಕ್ಕಳು ಕುಣಿಯುವುದೇ ಸಂಸ್ಕೃತಿಯ ನಾಶವೆಂದು ಗೋಳಾಡುವ ಪಂಗಡಕ್ಕೆ ನಾವು ಸೇರಿದವರಲ್ಲ. ಕುಣಿಯಲಿ. ದುಡಿಯುವವರ ಮನೆಯ ಮಕ್ಕಳು ಒಂದು ದಿನ ಕುಣಿದರೆ ಯಾವ ಸಂಸ್ಕೃತಿಯೂ ಮುಳುಗುವುದಿಲ್ಲ. ಎಂಟು ಜನ ಕುಣಿಯಲು ನಾನೂರು ಜನ ಕೆಳಗೆ ಕುಳಿತು ನೋಡುವುದನ್ನೇ ಶಿಕ್ಷಣವೆನ್ನಬೇಡಿರಿ ಎಂಬುದಷ್ಟೇ ನಮ್ಮ ಮಾತು. ಆ ಎಂಟು ಜನರಾದರೂ ಯಾರು? ಪ್ರತಿ ವರ್ಷವೂ ಅವರೇ. ನಿರೂಪಣೆಗೆ ಅದೇ ವೈದ್ಯರ ಮಗಳು, ಪ್ರಾರ್ಥನೆಗೆ ಅದೇ ಬ್ಯಾಂಕ್ ಮ್ಯಾನೇಜರರ ಮಗಳು.

ಭಾಷೆಯ ಪ್ರಶ್ನೆಯನ್ನು ಬಿಟ್ಟರೆ ನಮ್ಮ ಮಾತು ಅರ್ಧವಾದೀತು. ಇಂಗ್ಲೀಷು ಭಾಷಣಕ್ಕೆ ಬೀಳುವ ಚಪ್ಪಾಳೆ ಕನ್ನಡ ಭಾಷಣಕ್ಕೆ ಬೀಳುವುದಿಲ್ಲ. ಕೇಳುವವರಿಗೆ ಅರ್ಥವಾಗದಿದ್ದಷ್ಟೂ ಚಪ್ಪಾಳೆ ಜೋರು! ಇಂಗ್ಲೀಷಿನ ಗೋಡೆಯ ಹಿಂದೆ ಕೆಲವೇ ಜನ ಕುಳಿತು ಇಡೀ ದೇಶವನ್ನು ಆಳುತ್ತಾರೆಂದು ಡಾಕ್ಟರ್ ಲೋಹಿಯಾ ಅವರು ಊರೂರು ತಿರುಗಿ ಹೇಳಿದರು. ಆ ಗೋಡೆಯ ಮೊದಲ ಇಟ್ಟಿಗೆ ನಮ್ಮ ಗ್ಯಾದರಿಂಗಿನ ಪೆಂಡಾಲಿನಲ್ಲಿಯೇ ಇದೆ. ಇಂಗ್ಲೀಷನ್ನು ಕಲಿಯಬೇಡಿರಿ ಎಂದು ನಾವು ಹೇಳುತ್ತಿಲ್ಲ. ಇಂದು ಅದಿಲ್ಲದೆ ನಮ್ಮ ಹುಡುಗರಿಗೆ ಅಂಗಡಿಯ ಬಿಲ್ಲು ಯಂತ್ರವನ್ನು ನಡೆಸುವ ಕೆಲಸವೂ ಸಿಗದು. ಕಲಿಯಲಿ. ಆದರೆ ಅರ್ಥವಾಗದ ಭಾಷೆಯಲ್ಲಿ ಉರು ಹೊಡೆದದ್ದನ್ನು ಜಾಣತನವೆಂದೂ, ತಿಳಿದ ಭಾಷೆಯಲ್ಲಿ ತಿಳಿದು ಆಡಿದ್ದನ್ನು ಹಳ್ಳಿತನವೆಂದೂ ತೂಗುವ ಪದ್ಧತಿ ಹೋಗಬೇಕು.

ಕನ್ನಡದೊಳಗೂ ಒಂದು ಗೋಡೆಯಿದೆ. ಗಿರಣಿ ಚಾಳಿನ ಹುಡುಗನು ವೇದಿಕೆಯ ಮೇಲೆ "ಹೋಗ್ಯಾನ", "ಬರ್ತೈತಿ" ಎಂದರೆ ಸಭೆ ನಗುತ್ತದೆ, ತೀರ್ಪುಗಾರರು ಉಚ್ಚಾರದ ಅಂಕ ಕಳೆಯುತ್ತಾರೆ. ಅವನ ತಾಯಿಯ ಭಾಷೆಗೆ ಅಂಕ ಕಳೆಯುವ ಅಧಿಕಾರವನ್ನು ಇವರಿಗೆ ಕೊಟ್ಟವರು ಯಾರು? ನಾವು ಈ ಪತ್ರಿಕೆಯಲ್ಲಿ ಗ್ರಂಥದ ಕನ್ನಡವನ್ನೇ ಬರೆಯುತ್ತೇವಲ್ಲ ಎಂದು ಚಾಷ್ಟಿ ಮಾಡುವವರಿದ್ದಾರೆ, ಮಾಡಲಿ. ಬರೆಯುವುದಕ್ಕೆ ಒಂದು ಅಚ್ಚು ಬೇಕು. ಆದರೆ ಬಾಯಿ ತೆರೆಯುವ ಹುಡುಗನಿಗೆ ಮೊದಲ ದಿನವೇ ಅಚ್ಚು ಕಟ್ಟಿದರೆ ಅವನು ಬಾಯಿಯನ್ನೇ ಮುಚ್ಚುತ್ತಾನೆ.

ಹಾಗಾದರೆ ಬೇರೆ ರೀತಿ ಸಾಧ್ಯವೇ ಎಂದರೆ, ಸಾಧ್ಯವಾಗಿದೆ, ಅದೂ ನಮ್ಮಂಥ ಗಿರಣಿ ಊರಿನಲ್ಲಿಯೇ. ಖಾನದೇಶದ ಅಮಳನೇರದ ಪ್ರತಾಪ ಹೈಸ್ಕೂಲಿನಲ್ಲಿ 1924ರಿಂದ 1930ರವರೆಗೆ ಪಾಂಡುರಂಗ ಸದಾಶಿವ ಸಾನೆ ಎಂಬ ಮಾಸ್ತರರಿದ್ದರು. ಸಾನೆ ಗುರೂಜಿ ಎಂದರೆ ಎಲ್ಲರಿಗೂ ಗೊತ್ತು. ಅವರು ಹುಡುಗರ ವಸತಿಗೃಹವನ್ನು ನೋಡಿಕೊಳ್ಳುತ್ತ, ಛಾತ್ರಾಲಯವೆಂಬ ಕೈಬರಹದ ದಿನಪತ್ರಿಕೆಯನ್ನು ನಡೆಸಿದರು. ತಾವೇ ರಾತ್ರಿ ಕುಳಿತು ಬರೆದು, ಬೆಳಿಗ್ಗೆ ಹುಡುಗರು ಓದಲೆಂದು ಇಡುತ್ತಿದ್ದರು. ಬಹುಮಾನವಿಲ್ಲ, ತೀರ್ಪುಗಾರರಿಲ್ಲ. ಖರ್ಚೆಂದರೆ ಕಾಗದ, ಮಸಿ. 1930ರಲ್ಲಿ ಕೆಲಸ ಬಿಟ್ಟು ಸತ್ಯಾಗ್ರಹಕ್ಕೆ ಇಳಿದರು. ಮುಂದೆ ಅದೇ ಊರಿನ ಗಿರಣಿ ಕಾರ್ಮಿಕರ ನಡುವೆಯೂ ದುಡಿದರು. 1941ರಲ್ಲಿ ಹುಟ್ಟಿದ ರಾಷ್ಟ್ರ ಸೇವಾ ದಳದ ಹುಡುಗರು ಮುಂದೆ ಕಲಾಪಥಕ ಕಟ್ಟಿಕೊಂಡು ಮಹಾರಾಷ್ಟ್ರದ ಹಳ್ಳಿಹಳ್ಳಿಗೆ ಹಾಡು, ನಾಟಕ ಒಯ್ದರು. ಜಾತಿಯ ಮೇಲುಕೀಳನ್ನು ಹಾಡಿನಲ್ಲಿಯೇ ಕೇಳಿದರು.

ನಮ್ಮ ನಾಡಿನಲ್ಲಿಯೇ ನೋಡಿರಿ. ಸಾಗರ ತಾಲೂಕಿನ ಹೆಗ್ಗೋಡಿನಲ್ಲಿ 1949ರಲ್ಲಿ ಹಳ್ಳಿಗರೇ ಸೇರಿ ನೀನಾಸಂ ಹುಟ್ಟುಹಾಕಿದರು. ಅಡಿಕೆ ತೋಟದ ನಡುವೆ ಬೆಳೆದ ಆ ನಾಟಕ ಸಂಘದ ಹೆಸರು ಇಂದು ದೇಶಕ್ಕೆಲ್ಲ ಗೊತ್ತು. ಅದೇ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು, ಗೇಣಿ ಅಳೆಯುವ ಕೊಳಗ ಏಕೆ ದೊಡ್ಡದು ಎಂಬ ಒಂದು ಪ್ರಶ್ನೆಯಿಂದ ಆರಂಭಿಸಿ ಭೂಮಿ ಯಾರದೆಂಬ ಪ್ರಶ್ನೆಯವರೆಗೆ ಹೋದರು. ಲೋಹಿಯಾ ಅವರು ಬಂದು ಸೆರೆಯಾದರು. ಆ ಹೋರಾಟದ ದನಿಯಾಗಿ ನಿಂತ ಶಾಂತವೇರಿ ಗೋಪಾಲಗೌಡರು 1952ರಲ್ಲಿ, ಮೂವತ್ತು ತುಂಬುವ ಮೊದಲೇ, ಶಾಸನ ಸಭೆ ಹೊಕ್ಕರು. ಅವರು ಮಾತಿಗೆ ನಿಂತರೆ ಸಭೆ ಕಿವಿಗೊಡುತ್ತಿತ್ತೆಂದು ಹಿರಿಯರು ಇಂದಿಗೂ ಹೇಳುತ್ತಾರೆ. ಯಾವ ವಾಗ್ಮಿತ್ವದ ತರಬೇತಿಯಿಂದ ಬಂದ ಶಕ್ತಿ ಅದು? ಹೇಳಲೇಬೇಕಾದ ಮಾತೊಂದಿತ್ತು, ಕೇಳಲೇಬೇಕಾದ ಜನರಿದ್ದರು.

ಕೈಲಾಸಂ ಅವರ ಟೊಳ್ಳುಗಟ್ಟಿ ನಾಟಕವನ್ನು ಹೈಸ್ಕೂಲುಗಳಲ್ಲಿ ಇಂದಿಗೂ ಆಡಿಸುತ್ತಾರೆ. ಪರೀಕ್ಷೆಯಲ್ಲಿ ಮೊದಲಿಗನಾದವನು ಟೊಳ್ಳು, ಓದಿನಲ್ಲಿ ಹಿಂದಾಗಿ ಮನೆಮಂದಿಗೆ ಆದವನು ಗಟ್ಟಿ ಎಂದು ತೋರಿಸುವ ನಾಟಕ. ಅದರ ಗಟ್ಟಿ ಹುಡುಗನ ಪಾತ್ರವನ್ನೂ ಶಾಲೆಯ ಮೊದಲ ರ‍್ಯಾಂಕಿನ ಹುಡುಗನಿಗೇ ಕೊಡುತ್ತಾರೆಂಬುದು ನಾವು ಕಂಡ ಮಾತು!

ಮಾಸ್ತರರಿಗೆ ಹೊತ್ತೆಲ್ಲಿದೆ ಎಂಬ ಆಕ್ಷೇಪ ಬರುತ್ತದೆ. ಇದು ನಿಜವಾದ ಆಕ್ಷೇಪ. ಇದನ್ನು ತಳ್ಳಿಹಾಕುವವನು ಶಾಲೆಯನ್ನೇ ನೋಡಿದವನಲ್ಲ. ಬಿಸಿಯೂಟದ ಲೆಕ್ಕ, ಚುನಾವಣೆಯ ಪಟ್ಟಿ, ಗಣತಿ, ದಿನಕ್ಕೆ ಹತ್ತು ಸಲ ಮೊಬೈಲಿನಲ್ಲಿ ಕಳಿಸಬೇಕಾದ ಮಾಹಿತಿ. ಇವುಗಳ ನಡುವೆ ಪಾಠ ಮಾಡುವುದೇ ಕಳ್ಳತನ ಮಾಡಿದಂತೆ. ಇದರ ಮೇಲೆ ಎಸ್.ಎಸ್.ಎಲ್.ಸಿ. ಫಲಿತಾಂಶದಲ್ಲಿ ಜಿಲ್ಲೆಗೆ ಎಷ್ಟನೆಯ ಸ್ಥಾನ ಎಂದು ಮೇಲಿನವರು ಕೋಲು ಹಿಡಿದು ನಿಂತಿರುವಾಗ, ಚಿತ್ರಕಲೆಯ ಪೀರಿಯಡ್ಡನ್ನು ಗಣಿತಕ್ಕೆ ಕೊಡದೆ ಮಾಸ್ತರರು ಏನು ಮಾಡಿಯಾರು? 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಹತ್ತನೆಯ ತರಗತಿಯವರೆಗೂ ಕಲೆಯನ್ನು ಕಡ್ಡಾಯವಾಗಿ ಕಲಿಸಬೇಕೆಂದು ಹೇಳಿತು. ಕಾಗದದ ಮೇಲೆ ಎಲ್ಲವೂ ಇದೆ. ಮಾಸ್ತರರೇ ಇಲ್ಲ. ಆದುದರಿಂದ ನಮ್ಮ ಜಗಳ ಮಾಸ್ತರರೊಡನೆ ಅಲ್ಲ. ಖಾಲಿ ಕುರ್ಚಿಗಳನ್ನು ತುಂಬದೆ, ಇದ್ದವರನ್ನು ಗುಮಾಸ್ತರನ್ನಾಗಿ ಮಾಡಿ, ವರ್ಷಕ್ಕೊಂದು ದಿನ ಪ್ರತಿಭೆಯ ಕಾರಂಜಿ ಚಿಮ್ಮಿಸಿ ಫೋಟೋ ತೆಗೆಸಿಕೊಳ್ಳುವ ಸರಕಾರದೊಡನೆ ನಮ್ಮ ಜಗಳ.

ಸರಕಾರವು ಎಚ್ಚರಗೊಳ್ಳುವವರೆಗೆ ನಾವು ಕೈಕಟ್ಟಿ ಕೂಡ್ರಬೇಕಾಗಿಲ್ಲ. ಪ್ರತಿ ಸರಕಾರಿ ಶಾಲೆಯಲ್ಲಿಯೂ ಎಸ್.ಡಿ.ಎಂ.ಸಿ. ಇದೆ, ಅದರಲ್ಲಿ ಪಾಲಕರೇ ಸದಸ್ಯರು. ಗಿರಣಿ ಕಾರ್ಮಿಕರು ಆ ಸಭೆಗೆ ಹೋಗುವುದಿಲ್ಲ. ಪಾಳಿ ಬಿಟ್ಟು ಹೋದರೆ ಪಗಾರ ಹೋಗುತ್ತದೆ. ಸಭೆಯನ್ನು ರವಿವಾರ ಇಡಿರೆಂದು ಬರೆದು ಕೇಳಿರಿ. ವಾರದಲ್ಲಿ ಒಂದು ಪೀರಿಯಡ್ಡು, ಶನಿವಾರದ ಕೊನೆಯದಾದರೂ ಸರಿ, ಮಕ್ಕಳು ತಮ್ಮ ಓಣಿಯ, ತಮ್ಮ ಮನೆಯ, ತಮ್ಮ ಶಾಲೆಯ ವಿಷಯವನ್ನು ಕಾಗದವಿಲ್ಲದೆ, ಸರದಿಯ ಮೇಲೆ, ಎಲ್ಲರೂ ಮಾತನಾಡಲಿ ಎಂದು ಕೇಳಿರಿ. ಅಂಕ ಬೇಡ. ವೇಷಕ್ಕೆ ಮಕ್ಕಳಿಂದ ಒಂದು ಪೈಸೆಯನ್ನೂ ಎತ್ತಬಾರದು, ಮನೆಯ ಬಟ್ಟೆಯಲ್ಲಿಯೇ ಕುಣಿಯಲಿ ಎಂದು ಠರಾವು ಮಾಡಿಸಿರಿ. ಗ್ಯಾದರಿಂಗಿನಲ್ಲಿ ಮಕ್ಕಳ ಕಾರ್ಯಕ್ರಮ ಮೊದಲು, ಶಾಲು ಹಾರಗಳು ಆಮೇಲೆ. ಶಾಸಕರಿಗೆ ಅವಸರವಿದ್ದರೆ ಅವರು ಹೋಗಲಿ.

ನಮ್ಮ ಕಾರ್ಮಿಕ ಸಂಘದ ಆಫೀಸಿನಲ್ಲಿ ಕಳೆದ ಮಳೆಗಾಲದಿಂದ ರವಿವಾರ ಸಂಜೆ ಐದಕ್ಕೆ ಹೈಸ್ಕೂಲಿನ ಹುಡುಗ ಹುಡುಗಿಯರು ಕೂಡುತ್ತಿದ್ದಾರೆ. ಮೊದಲ ವಾರ ಏಳು ಜನ, ಈಗ ಇಪ್ಪತ್ತರ ಮೇಲೆ. ಕಳೆದ ರವಿವಾರ ಹತ್ತನೆಯ ತರಗತಿಯ ಹುಡುಗನೊಬ್ಬ ತನ್ನ ತಂದೆಯ ಅಂಗಡಿಯ ಉದ್ರಿ ವಹಿಯ ಮೇಲೆ ಮಾತನಾಡಿದ. ಯಾರು ಬಾಕಿ ಕೊಡುತ್ತಾರೆ, ಯಾರು ಕೊಡುವುದಿಲ್ಲ, ಕೊಡದವರು ಎಂಥವರು ಎಂಬ ವಿಷಯ. ಹೆಸರು ಹೇಳಬೇಡವೆಂದು ನಾವೇ ತಡೆಯಬೇಕಾಯಿತು. ಮೈಕು ಇಲ್ಲ, ಬಹುಮಾನವಿಲ್ಲ, ಚುರುಮುರಿ, ಚಹಾ ಇವೆ. ಬರೆದ ಕಾಗದವನ್ನು ಬಾಗಿಲ ಹೊರಗೆ ಇಟ್ಟು ಬರಬೇಕು.

ಅಂಗಡಿಕಾರ ಬಾಂಧವರಲ್ಲಿ ಕಡೆಯದಾಗಿ ಒಂದು ವಿನಂತಿ. ರಸೀದಿ ಪುಸ್ತಕ ಬಂದಾಗ ಹಿಂದಿನ ವರ್ಷದ ಲೆಕ್ಕವನ್ನು ಮೊದಲು ಕೇಳಿರಿ: ಶಾಲು ಹಾರಗಳಿಗೆಷ್ಟು, ಪೆಂಡಾಲಿಗೆಷ್ಟು, ಮಕ್ಕಳಿಗೆಷ್ಟು. ಸರಕಾರಿ ಶಾಲೆಯಾದರೆ 2005ರ ಮಾಹಿತಿ ಹಕ್ಕಿನ ಕಾಯಿದೆಯಡಿ ಬರೆದೂ ಕೇಳಬಹುದು. ಅರ್ಜಿ ಬರೆಯಲು ಬಾರದಿದ್ದರೆ ಸಂಘದ ಆಫೀಸಿಗೆ ಬನ್ನಿರಿ. ಬಂದ ಲೆಕ್ಕವನ್ನು ನಮಗೆ ಕಳಿಸಿರಿ, ಈ ಪುಟದಲ್ಲಿಯೇ ಅಚ್ಚು ಹಾಕುತ್ತೇವೆ. ಲೆಕ್ಕ ಕೊಡುವುದಿಲ್ಲವೆಂದರೆ ಅದನ್ನೂ ಅಚ್ಚು ಹಾಕುತ್ತೇವೆ.